ಹಸಿದ ಹುಲಿ, ಉಂಡ ಹುಲಿ

ಲಿಂಗಸುಗೂರು
೧೨ ಬಹಮನ್, ೧೩೪೬ ಫಸಲಿ

ಮಾತೃಸಮಾನಳಾದ ಅಕ್ಕ ವೀರಭದ್ರಮ್ಮನಿಗೆ ತಮ್ಮ ಹಂಪಣ್ಣನ ಶರಣಾರ್ಥಿ.

ಇಲ್ಲಿ ನಾನೂ ಕಸ್ತೂರೆಮ್ಮನೂ ಕ್ಷೇಮ ಎಂದು ಬರೆಯುವುದು ರೂಢಿ. ಕಸ್ತೂರೆಮ್ಮ ಕ್ಷೇಮವಾಗಿದ್ದಾಳೆ. ಅವಳ ಗಂಡ ಕ್ಷೇಮವಾಗಿಲ್ಲ. ಅದಕ್ಕೆ ಕಾರಣ ನೀನು.

ದೀಪಾವಳಿಗೆ ಮಸ್ಕಿಗೆ ಬಂದಾಗ ಹುಲಿ-ಕುರಿ ಆಟದ ಒಂದು ಕಟ್ಟು ಹೇಳಿಕೊಟ್ಟೆಯಲ್ಲ, ನೆನಪಿದೆಯೇ? ಮೂರು ಹುಲಿಗಳಲ್ಲಿ ಎರಡು ಆಗಲೇ ಅಲ್ಲಾಡದಂತೆ ಸಿಕ್ಕಿವೆ. ಮೂರನೆಯದೊಂದೇ ಸಡಿಲ. ಕೈಯಲ್ಲಿ ಐದು ಕುರಿ ಉಳಿದಿವೆ, ಅವುಗಳಿಂದಲೇ ಅದನ್ನೂ ಕಟ್ಟಬೇಕು. "ತಪ್ಪೂದೇ ಇಲ್ಲಪಾ, ಯಾರ ಮುಂದ ಬೇಕಾದ್ರೂ ಇಡು" ಎಂದು ಬೆನ್ನು ತಟ್ಟಿ ಕಳಿಸಿದೆ. ನಾನು ಇಟ್ಟೆ. ನಮ್ಮ ಕಚೇರಿಯ ದೊಡ್ಡ ಸಾಹೇಬರ ಮುಂದೆಯೇ ಇಟ್ಟೆ.

ಅಮಾವಾಸ್ಯೆಯ ದಿನ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಾದ್ದರಿಂದ, ಸಿಂಧನೂರಿನ ನಾಲಬಂದ ಬಾಬುಸಾಬ್ ಅವತ್ತು ಇಲ್ಲಿಗೆ ಬಂದು ಕಚೇರಿ ಎದುರಿನ ಬೇವಿನ ಗಿಡದ ಕೆಳಗೆ ಎತ್ತುಗಳಿಗೆ ನಾಲು ಬಡಿಯುತ್ತಾನೆ. ಮಧ್ಯಾಹ್ನ ಅಲ್ಲಿಯೇ ಕಟ್ಟೆಯ ಮೇಲೆ ಆಟ ಕೂಡುತ್ತದೆ. ಸಾಹೇಬರು ಕುರ್ಚಿ ಹಾಕಿಸಿಕೊಂಡು ನೋಡುತ್ತಾರೆ. ನಾಲ್ಕು ತಾಲೂಕಿನಲ್ಲಿ ಯಾರೂ ಬಿಡಿಸಲಾರದ ಕಟ್ಟು ಎಂದು ನಾನು ಹದಿನೈದು ಜನರ ಮುಂದೆ ಹೇಳಿದೆ. ಬಾಬುಸಾಬ್ ಸುತ್ತಿಗೆ ಇಟ್ಟು, ಲುಂಗಿಗೆ ಕೈ ಒರೆಸಿಕೊಂಡು ಹುಲಿ ಹಿಡಿದು ಕೂತ.

ನೀನು ಹೇಳಿದಂತೆಯೇ ಮೊದಲನೇ ಕುರಿಯನ್ನು ಹುಲಿಯ ಬಾಯಿಗೆ ಕೊಟ್ಟೆ. ತಿನ್ನಲಿ, ತಿಂದು ಮೂಲೆಗೆ ಬೀಳಲಿ ಎಂದು. ಆ ಮನುಷ್ಯ ತಿನ್ನಲೇ ಇಲ್ಲ! "ನಮ್ಮ ಹುಲಿ ಉಂಡು ಬಂದೈತ್ರೀ ಗುಮಾಸ್ತರ, ಹಸಿವಿಲ್ಲ" ಎಂದು ಹುಲಿಯನ್ನು ಸೀದಾ ನೆತ್ತಿಗೆ, ಎಂದರೆ ಎಲ್ಲ ಗೆರೆಗಳು ಕೂಡುವ ಮೇಲಿನ ತುದಿಗೆ ಒಯ್ದ. ಅಲ್ಲಿಂದ ಬೆನ್ನಿಗೆ ಇನ್ನೊಂದು ಕುರಿ ಇಲ್ಲದ ಎರಡು ಕುರಿಗಳ ಮೇಲೆ ಅವನ ಕಣ್ಣು. ನಾನು ಒಂದನ್ನು ಕಾಯುವಷ್ಟರಲ್ಲಿ ಇನ್ನೊಂದನ್ನು ತಿಂದ, ಸಿಕ್ಕಿಬಿದ್ದಿದ್ದ ಎರಡನೇ ಹುಲಿಯನ್ನೂ ಬಿಡಿಸಿಕೊಂಡ. ಒಂದು ಎಲೆ-ಅಡಿಕೆ ಅಗಿಯುವ ಹೊತ್ತಿನೊಳಗೆ ಎಲ್ಲ ಮುಗಿಯಿತು. ಸಾಹೇಬರು ಏನೆಂದರು ಗೊತ್ತೇ? "ಹಂಪಣ್ಣ, ನೀವು ಹುಲೀನ್ನ ಕಟ್ಟಾಕ ಕರದ್ರೋ, ಊಟಕ್ಕ ಕರದ್ರೋ?"

ಅವತ್ತಿನಿಂದ ಕಚೇರಿಯಲ್ಲಿ ನೀರು ಕೊಡುವವನೂ "ಹುಲಿ ಉಂಡಿತೇನ್ರೀ?" ಎಂದು ಕೇಳುತ್ತಾನೆ. ನಿನ್ನ ಕಟ್ಟು ಸುಳ್ಳು, ಅಕ್ಕ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕಾಗಿತ್ತು. ಸುಮ್ಮನೆ ಹೇಳಿಕೊಟ್ಟು ನನ್ನ ಇಜ್ಜತ್ತನ್ನು ಮಣ್ಣುಪಾಲು ಮಾಡಿದೆ.

ಇಂತಿ,
ಹಂಪಣ್ಣ


ಮಸ್ಕಿ
ಧಾತು ಸಂವತ್ಸರ, ಮಾರ್ಗಶಿರ ಶುದ್ಧ ಅಷ್ಟಮಿ

ಚಿರಂಜೀವಿ ಹಂಪಣ್ಣನಿಗೆ ಅಕ್ಕನ ಆಶೀರ್ವಾದ. ಆಶೀರ್ವಾದ ಇಲ್ಲಿಗೇ ಮುಗಿಯಿತು, ಮುಂದಿನದು ಕೇಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲನೇ ಸಲ ಓದಿದಾಗ ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು. ಸುಳ್ಳು ಅಂತೆ! ನನ್ನ ಕಟ್ಟು ಸುಳ್ಳು ಅನ್ನಲು ನಿನಗೆ ಬಾಯಾದರೂ ಹೇಗೆ ಬಂತೋ?

ಒಂದು ಕೇಳುತ್ತೇನೆ, ಸೀದಾ ಉತ್ತರ ಕೊಡು. ಆಟ ಶುರು ಮಾಡುವ ಮುಂಚೆ "ಹುಲಿ ಹಸಿದದ್ದೋ, ಉಂಡದ್ದೋ?" ಎಂದು ಕೇಳಿದೆಯಾ? ನಮ್ಮ ತವರು ಸಂತೆಕಲ್ಲೂರಿನಲ್ಲಿ, ಇಲ್ಲಿ ಮಸ್ಕಿಯಲ್ಲಿ, ಕುರಿ ಹಿಡಿದವರು ಇದನ್ನು ಕೇಳದೆ ಒಂದು ಕುರಿಯನ್ನೂ ಇಡುವುದಿಲ್ಲ. ಹಸಿದದ್ದು ಅಂದರೆ ಬಾಯಿಗೆ ಬಂದ ಕುರಿಯನ್ನು ಹುಲಿ ತಿನ್ನಲೇಬೇಕು. ಉಂಡದ್ದು ಅಂದರೆ ತಿನ್ನುವುದು ಬಿಡುವುದು ಅದರ ಇಷ್ಟ. ನನ್ನ ಕಟ್ಟು ಹಸಿದ ಹುಲಿಯ ಕಟ್ಟು. ಇದನ್ನು ನಿನಗೆ ಹೇಳಲಿಲ್ಲವೆಂದು ಬರೆಯಬೇಡ. ಮೂರು ಸಲ ಹೇಳಿದ್ದೇನೆ. ಆಗ ನೀನು ಕರಿಗಡಬು ಮುರಿದು ತುಪ್ಪದಲ್ಲಿ ಅದ್ದುತ್ತಾ "ಹೂಂ ಅಕ್ಕ, ಹೂಂ ಅಕ್ಕ" ಅನ್ನುತ್ತಿದ್ದೆ. ನಿನ್ನ ಕಿವಿ ಬಾಯಿಗೆ ಇಳಿದಿತ್ತು.

ಕೇಳದೆ ಕೂತರೆ ಬಾಬುಸಾಬ್ ಯಾಕೆ ತಿಂದಾನು? ಅವನದು ಏನೂ ತಪ್ಪಿಲ್ಲ. ಚಲೋ ಆಟಗಾರ.

ಈ ಕಟ್ಟಿನ ಹುಟ್ಟು ನಿನಗೆ ಗೊತ್ತಿರಲಿಕ್ಕಿಲ್ಲ, ಆಗ ನೀನು ತೊಟ್ಟಿಲಲ್ಲಿದ್ದೆ. ಅಪ್ಪ ಮಠದ ಕಟ್ಟೆಯ ಮೇಲೆ ಆಡಿ ಬಂದು, ಮನೆಯಲ್ಲಿ ನನ್ನನ್ನು ಎದುರು ಕೂಡಿಸಿಕೊಂಡು ಆ ಆಟವನ್ನು ಮತ್ತೊಮ್ಮೆ ಆಡಿ ನೋಡುತ್ತಿದ್ದ. ಹೆಣ್ಣುಮಕ್ಕಳು ಕಟ್ಟೆ ಹತ್ತುವ ಹಾಗಿರಲಿಲ್ಲ. ನಾನು ತೊಗರಿ ಕೇರುತ್ತಾ ಮೊರದ ಮೇಲೆಯೇ ಮನಸ್ಸಿನಲ್ಲಿ ಗೆರೆ ಎಳೆದುಕೊಂಡು ಹದಿನಾಲ್ಕನೇ ವರ್ಷಕ್ಕೆ ಈ ಕಟ್ಟು ಕಟ್ಟಿದೆ. ಅಪ್ಪ ನೋಡಿದ. ಮರುದಿನ ಕಟ್ಟೆಯ ಮೇಲೆ ಇಟ್ಟ. ಸಂಜೆಯೊಳಗೆ ಅದು ಊರೆಲ್ಲ ಅಪ್ಪನ ಹೆಸರಿನಲ್ಲಿ 'ದೊಡ್ಡಬಸಪ್ಪನ ಕಟ್ಟು' ಆಯಿತು. ಆಗ ನನಗೆ ಸಿಟ್ಟು ಬರಲಿಲ್ಲ, ಹೆಮ್ಮೆ ಬಂತು. ಅದೇ ನಾನು ಮಾಡಿದ ತಪ್ಪು.

ಇನ್ನೊಂದು. ಸಾಹೇಬರ ಕುರ್ಚಿ, ಬಾಬುಸಾಬನ ಲುಂಗಿ ಎಲ್ಲ ಬರೆದೆ. ಒಂದೇ ಒಂದು ಮಾತು ಬರೆಯಲಿಲ್ಲ. ಅದು ಯಾರ ಕಟ್ಟು ಎಂದು ಹೇಳಿ ಇಟ್ಟೆ?

ಉತ್ತರ ಬರೆ.

ವೀರಭದ್ರಮ್ಮ


ಲಿಂಗಸುಗೂರು
೨೯ ಬಹಮನ್, ೧೩೪೬ ಫಸಲಿ

ಅಕ್ಕನಿಗೆ ಶರಣಾರ್ಥಿ.

ಹಸಿದದ್ದೋ ಉಂಡದ್ದೋ ಎಂದು ಕೇಳಲಿಲ್ಲ. ಮರೆತೆ. ನಾವೇನು ಮದುವೆ ಊಟಕ್ಕೆ ಕೂತಿದ್ದೆವೇ, ಹುಲಿಯ ಹೊಟ್ಟೆ ವಿಚಾರಿಸಲು? ಲಿಂಗಸುಗೂರಿನಲ್ಲಿ ಆ ಪದ್ಧತಿ ಇಲ್ಲ, ಸಿಂಧನೂರಿನಲ್ಲಿಯೂ ಇಲ್ಲ. ನಿನ್ನ ಪತ್ರ ಬಂದ ಮೇಲೆ ಬಾಬುಸಾಬ್ ಸಂತೆಯಲ್ಲಿ ಸಿಕ್ಕಾಗ ಹೇಳಿದೆ. ಅವನು ನಕ್ಕು ಏನೆಂದ ಗೊತ್ತೇ? "ಹುಲಿ ಹೊಟ್ಟಿ ನಂಬಿ ಕುರಿ ಕಾಯಾಕ ಬರತೈತೇನ್ರೀ? ಹಸದ್ರೂ ಕಟ್ಟಾಗಬೇಕು, ಉಂಡ್ರೂ ಕಟ್ಟಾಗಬೇಕು. ಅದು ಕಟ್ಟು." ನನಗೂ ಅದು ಸರಿ ಅನ್ನಿಸಿತು.

ಯಾರ ಕಟ್ಟು ಎಂದು ಹೇಳಿದೆ ಎಂದು ಕೇಳಿದ್ದೀ. ನನ್ನದು ಎಂದೆ. ಮತ್ತೇನು ಹೇಳಲಿ? ಅಷ್ಟು ಗಂಡಸರ ನಡುವೆ ನಮ್ಮ ಮನೆಯ ಹೆಣ್ಣುಮಗಳ ಹೆಸರು ತೆಗೆಯಲೇ? ಆದರೆ ನಿನಗೆ ಸಮಾಧಾನವಾಗಲಿ ಎಂದು ಬರೆಯುತ್ತೇನೆ, ಸೋತ ಮೇಲೆ ನಿಜ ಹೇಳಿದೆ. "ಇದು ನಂದಲ್ರೀ, ನಮ್ಮ ಅಕ್ಕ ಹೇಳಿಕೊಟ್ಟಿದ್ದು, ಆಕೀಗೇ ಸರಿಯಾಗಿ ಬರೂದಿಲ್ಲ" ಎಂದೆ. ಎಲ್ಲರೂ ಕೇಳಿದರು.

ಈಗ ನನ್ನ ಕಷ್ಟ ಕೇಳು. ಸಾಹೇಬರು ಈ ಅಮಾವಾಸ್ಯೆಗೆ ಊರಲ್ಲಿ ಇರುವುದಿಲ್ಲ. ಅದರ ಮುಂದಿನ ಅಮಾವಾಸ್ಯೆಗೆ ಅದೇ ಕಟ್ಟನ್ನು ಸರಿ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಇನ್ನು ಮೇಲೆ ಕಟ್ಟೆಯ ಮೇಲೆ ಬಾಯಿ ತೆರೆಯಕೂಡದು ಎಂದು ಹುಕುಂ ಆಗಿದೆ. ನಗುತ್ತಲೇ ಹೇಳಿದರು, ಆದರೂ ಹುಕುಂ ಹುಕುಮೇ. ಏನಾದರೂ ಮದ್ದು ಇದ್ದರೆ ಬರೆ. ಬೈಗುಳ ಬೇಡ, ಮದ್ದು ಸಾಕು.

ಇಂತಿ,
ಹಂಪಣ್ಣ


ಮಸ್ಕಿ
ಪುಷ್ಯ ಬಹುಳ ತದಿಗೆ

ಹಂಪಣ್ಣನಿಗೆ,

ನಾಲ್ಕು ವಾರ ಉತ್ತರ ಬರೆಯಲಿಲ್ಲ. ಎರಡು ಕಾರಣ. ಒಂದು, ಬರೆದಿದ್ದರೆ ಕಾಗದ ಹೊತ್ತಿ ಉರಿಯುತ್ತಿತ್ತು. ಎರಡನೆಯದನ್ನು ಆಮೇಲೆ ಹೇಳುತ್ತೇನೆ.

ನಿನ್ನ ಸಮಾಧಾನ ಎಂಥದು ಎಂದು ನೋಡಿದೆ. ಗೆದ್ದಾಗ ಅದು ಅಪ್ಪನದು. ಗೆಲ್ಲುವ ಆಸೆ ಇದ್ದಾಗ ನಿನ್ನದು. ಸೋತ ಕೂಡಲೇ ಅಕ್ಕನದು! ಮೂವತ್ತು ವರ್ಷದಲ್ಲಿ ಮೊದಲ ಸಲ ಕಟ್ಟೆಯ ಮೇಲೆ ಗಂಡಸರ ನಡುವೆ ನನ್ನ ಮಾತು ಬಂತು, ಬಂದದ್ದು "ಆಕೀಗೆ ಬರೂದಿಲ್ಲ" ಎಂದು. ಗೆಲ್ಲುವಾಗ ಹೆಣ್ಣುಮಗಳ ಹೆಸರು ತೆಗೆಯಬಾರದು, ಸೋತಾಗ ತೆಗೆಯಬಹುದು, ಇದು ಯಾವ ಊರಿನ ಮರ್ಯಾದೆಯೋ ಹಂಪಣ್ಣ? ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದೇನೆ. ಅವತ್ತೇ ಎರಡು ಬಿಟ್ಟಿದ್ದರೆ ಇವತ್ತು ಸರಿಯಾಗಿರುತ್ತಿದ್ದೆ.

ನಿನ್ನ ಮಾತಿಗಿಂತ ಬಾಬುಸಾಬನ ಮಾತು ನನ್ನನ್ನು ಹೆಚ್ಚು ಚುಚ್ಚಿತು. ನಿನ್ನದು ಸುಳ್ಳು, ಅವನದು ನಿಜ. ಹುಲಿಯ ಹೊಟ್ಟೆ ನಂಬಿ ಕುರಿ ಕಾಯಲು ಬರುವುದಿಲ್ಲ. ಅದಕ್ಕೇ ಈ ನಾಲ್ಕು ವಾರ ಬೀಸುಕಲ್ಲಿನ ಪಕ್ಕದ ಬಂಡೆಯ ಮೇಲೆ ಗೆರೆ ಹಾಕಿ, ಮೂರು ಗಜ್ಜುಗ ಹುಲಿ, ಹುಣಸೆ ಬೀಜ ಕುರಿ ಮಾಡಿಕೊಂಡು ಕೂತೆ. ಇದೇ ಎರಡನೇ ಕಾರಣ.

ಆಟದ ಮನೆಯನ್ನು ನಮ್ಮ ಕಡೆ ಎಲ್ಲರೂ ಮೋರೆ ಅನ್ನುತ್ತಾರೆ. ಮೇಲಿನ ತುದಿ ನೆತ್ತಿ. ಅದರ ಕೆಳಗಿನ ಮೊದಲ ಅಡ್ಡಗೆರೆಯಲ್ಲಿ ಎಡತುದಿಗೆ ಕಿವಿ, ಪಕ್ಕಕ್ಕೆ ಕೆನ್ನೆ, ಅದರ ಪಕ್ಕಕ್ಕೆ ಮೂಗು. ನಮ್ಮ ಹುಲಿ ಮೂಗಿನ ಮೇಲೆ ಕೂತಿದೆ. ಅದಕ್ಕೆ ಎರಡೇ ದಾರಿ, ಮೇಲೆ ನೆತ್ತಿ, ಎಡಕ್ಕೆ ಕೆನ್ನೆ. ಉಳಿದ ಕಡೆಗೆಲ್ಲ, ಕೆನ್ನೆಯ ಕೆಳಗೂ, ಕುರಿ, ಆ ಕುರಿಯ ಬೆನ್ನಿಗೆ ಇನ್ನೊಂದು ಕುರಿ. ಬೆನ್ನಿಗೆ ಕುರಿ ಇದ್ದರೆ ಹುಲಿಗೆ ಹಾರಿ ಇಳಿಯಲು ಜಾಗವಿಲ್ಲ, ತಿನ್ನಲಾರದು. ಇಷ್ಟು ನಿನ್ನಂಥ ಗುಮಾಸ್ತನಿಗೂ ತಿಳಿಯಬೇಕು.

ಅಪ್ಪನ ಪಾಠ ಏನು? "ಮೊದ್ಲ ಬೆನ್ನು, ಆಮ್ಯಾಲ ಕುರಿ." ಅದರಂತೆ ಮೊದಲು ಕಿವಿಗೆ ಇಟ್ಟೆ, ಆಮೇಲೆ ಕೆನ್ನೆಗೆ ಇಡೋಣವೆಂದು. ಕಿವಿಗೆ ಇಟ್ಟ ಕೂಡಲೇ ಹುಲಿ ನೆತ್ತಿಗೆ ಹತ್ತಿತು, ನಮ್ಮ ಕಥೆ ಮುಗಿಯಿತು. ಮೊದಲು ಕೆನ್ನೆಗೆ ಇಟ್ಟರೆ ಅದು ಹಳೆಯ ದಾರಿ. ಹಸಿದ ಹುಲಿ ತಿಂದು ಕಿವಿಗೆ ಬೀಳುತ್ತದೆ. ಉಂಡ ಹುಲಿ ಮತ್ತೆ ನೆತ್ತಿಗೇ ಓಡುತ್ತದೆ. ಎರಡೂ ಕೆನ್ನೆಯ ಕಡೆಯ ದಾರಿಗಳು, ಎರಡನ್ನೂ ಹಿಂದೆ ಮುಂದೆ ಮಾಡಿ ಕೈ ಸೋತಿತು. ನೆತ್ತಿಗೆ ಮೊದಲು ಇಡುವುದು ನನಗೆ ಹೊಳೆಯಲೇ ಇಲ್ಲ. ಯಾಕೆ ಹೊಳೆಯುತ್ತದೆ? ಹುಲಿಯನ್ನು ಕೆನ್ನೆಯ ಕಡೆ ಕಟ್ಟಬೇಕು, ಅತ್ತ ಮೇಲೆ ಹೋಗಿ ಕುರಿ ಯಾರು ಇಡುತ್ತಾರೆ?

ಸಂಕ್ರಾಂತಿಯ ಮರುದಿನ ಹಾಲು ಕದಿಯುವ ಕಳ್ಳ ಬೆಕ್ಕು ಅಡುಗೆಮನೆಗೆ ನುಗ್ಗಿತು. ಮನೆಯವರೆಲ್ಲ ಓಡಿಬಂದು ಬಾಗಿಲಿಗೆ ಅಡ್ಡ ನಿಂತೆವು. ಅದು ಗಡಿಗೆಯ ಸಾಲು ಹತ್ತಿ ಮಾಳಿಗೆಯ ಬೆಳಕಿಂಡಿಯಿಂದ ಜಿಗಿದು ಹೋಯಿತು. ಪಕ್ಕದ ಮನೆಯ ಮಾಬುಬೀ ಗೋಡೆಯಾಚೆಯಿಂದ ನೋಡಿ, "ಮೊದ್ಲ ಬೆಳಕಿಂಡಿ ಮುಚ್ಚಬೇಕಿತ್ತಲ್ಲ ಅಕ್ಕಾ! ಬಾಗಲಾ ಎಲ್ಲಿ ಓಡಿ ಹೋಗತಿತ್ತು?" ಎಂದಳು. ನಾನು ಹಾಲಿನ ಚೆಂಬು ಅಲ್ಲಿಯೇ ಬಿಟ್ಟು ಬಂಡೆಗೆ ಓಡಿದೆ.

ಮೊದಲು ನೆತ್ತಿ ಮುಚ್ಚು. ಹುಲಿಗೆ ಈಗ ಕೆನ್ನೆ ಒಂದೇ ದಾರಿ. ಉಳಿದೆರಡು ಹುಲಿ ಅಲ್ಲಾಡುವ ಹಾಗಿಲ್ಲ, ಆದ್ದರಿಂದ ಇದು ಹೋಗಲೇಬೇಕು. ಕೆನ್ನೆಗೆ ಹೋಯಿತೇ? ಆಗ ಎರಡನೇ ಕುರಿ. ಇಲ್ಲಿ ನಿನ್ನಂಥವನು ಬಿಟ್ಟ ಮೂಗನ್ನು ಮುಚ್ಚಿಬಿಡುತ್ತಾನೆ. ಅದೂ ಆಗುತ್ತದೆ, ಆದರೆ ಹುಲಿ ಕಿವಿಗೆ ಹೋಗಿ ಅಲ್ಲಿಂದ ಕೆಳಗಿಳಿದು ಒಟ್ಟು ನಾಲ್ಕು ಕುರಿ ಬೇಡುತ್ತದೆ. ಮೂಗು ಬಿಡು, ಕಿವಿ ಮುಚ್ಚು. ಹುಲಿ ಬಂದ ದಾರಿಯಲ್ಲೇ ಮೂಗಿಗೆ ವಾಪಸು ಹೋಗಬೇಕು, ಬೇರೆ ಗತಿಯಿಲ್ಲ. ಹೋದ ಕೂಡಲೇ ಕೆನ್ನೆಗೆ ಮೂರನೇ ಕುರಿ. ಅದರ ಬೆನ್ನಿಗೆ ಕಿವಿಯ ಕುರಿ ಆಗಲೇ ಕಾದಿದೆ. ಹುಲಿ ಎಲ್ಲಿತ್ತೋ ಅಲ್ಲಿಯೇ ಕಟ್ಟಾಯಿತು. ಕೈಯಲ್ಲಿ ಇನ್ನೂ ಎರಡು ಕುರಿ ಉಳಿದಿವೆ. ಹಸಿದಿದ್ದರೂ ಅಷ್ಟೇ, ಉಂಡಿದ್ದರೂ ಅಷ್ಟೇ, ಅದರ ಬಾಯಿಗೆ ಒಂದು ಕುರಿಯೂ ಸಿಗುವುದಿಲ್ಲ.

ಇದನ್ನು ಕಂಡು ಖುಷಿ ಆಗಬೇಕಿತ್ತು. ಸಿಟ್ಟೇ ಬಂತು. ಮೂವತ್ತು ವರ್ಷ ಈ ಕಟ್ಟಿನಲ್ಲಿ ಒಂದು ಕುರಿಯನ್ನು ಸುಮ್ಮನೆ ಬಲಿ ಕೊಟ್ಟಿದ್ದೇವೆ. ಬೇಕಾಗಿರಲಿಲ್ಲ! ಕೊಟ್ಟರೇ ಕಟ್ಟು ಚೆಂದ ಎಂದು ಅಪ್ಪನೂ ಅಂದ, ಊರೂ ಅಂದಿತು, ನಾನೂ ನಂಬಿದೆ. ಯಾವ ಕುರಿಯೂ ಸಾಯಬೇಕಾಗಿರಲಿಲ್ಲ, ನಡೆಗಳ ಕ್ರಮ ಮಾತ್ರ ಸರಿಯಿರಬೇಕಿತ್ತು.

ಈಗ ನನ್ನ ಕರಾರು. ಮೊದಲನೇ ಕುರಿ ಇಡುವ ಮುಂಚೆ, ಎಲ್ಲರಿಗೂ ಕೇಳುವ ಹಾಗೆ, "ಇದು ಮಸ್ಕಿಯ ವೀರಭದ್ರಮ್ಮನ ಕಟ್ಟು" ಎಂದು ಹೇಳಬೇಕು. ಅಕ್ಕ ಎಂದರೆ ಸಾಲದು, ನಮ್ಮ ಮನೆಯವರು ಎಂದರೆ ಸಾಲದು. ಹೆಸರು ಹೇಳಬೇಕು. ಹೇಳಲು ನಾಚಿಕೆಯಾದರೆ ಆ ಕಟ್ಟನ್ನು ಮುಟ್ಟಬೇಡ.

ನೀನು ಉದ್ದ ಪತ್ರ ಓದುವವನಲ್ಲ ಎಂದು ಗೊತ್ತು. ಅದಕ್ಕೆ ಬೇರೆ ಚೀಟಿಯಲ್ಲಿ ಮೂರು ಮಾತು ಬರೆದು ಇದರೊಳಗೆ ಇಟ್ಟಿದ್ದೇನೆ: ನೆತ್ತಿ, ಕಿವಿ, ಕೆನ್ನೆ.

ವೀರಭದ್ರಮ್ಮ


ಲಿಂಗಸುಗೂರು
೧೨ ಫರವರ್ದಿ, ೧೩೪೬ ಫಸಲಿ

ಅಕ್ಕನಿಗೆ ಶಿರಸಾಷ್ಟಾಂಗ ಶರಣಾರ್ಥಿ.

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಕಸ್ತೂರೆಮ್ಮ ಎದುರಿಗೇ ಕೂತಿದ್ದಾಳೆ, ಇದ್ದದ್ದು ಇದ್ದ ಹಾಗೆ ಬರೆಯದಿದ್ದರೆ ತಾನೇ ಬರೆಯುತ್ತೇನೆ ಅನ್ನುತ್ತಿದ್ದಾಳೆ.

ನಿನ್ನ ಪತ್ರ ಒಡೆದಾಗ ಮೊದಲು ಚೀಟಿ ಬಿತ್ತು. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಪತ್ರದ ಮೊದಲ ಹತ್ತು ಸಾಲು ಓದಿದೆ, ಬೈಗುಳ ಕಂಡಿತು. ಉಳಿದದ್ದೂ ಅದೇ ಇರಬೇಕೆಂದು ಮಡಚಿ ಗೋಡೆಯ ಗೂಡಿನಲ್ಲಿ ಇಟ್ಟೆ. ಬೈಗುಳದ ನಡುವೆ ನೀನು ಕಾರಣ ಇಟ್ಟಿರುತ್ತೀ, ಕರಾರು ಇಟ್ಟಿರುತ್ತೀ ಎಂದು ನನಗೆ ಹೇಗೆ ತಿಳಿಯಬೇಕು?

ಅಮಾವಾಸ್ಯೆಯ ಮಧ್ಯಾಹ್ನ ಕಟ್ಟೆಯ ಮೇಲೆ ಕೂತೆವು. ಸಾಹೇಬರು ಕೇಳಿದರು, ಸರಿ ಮಾಡಿದ್ದೀರಾ ಎಂದು. "ನಾನೇ ತಿದ್ದೀನ್ರೀ ಸಾಹೇಬ್ರ" ಎಂದೆ. ಬಾಬುಸಾಬ್ ಹುಲಿ ಹಿಡಿದ. ನಾನು ನೆತ್ತಿಗೆ ಕುರಿ ಇಟ್ಟೆ. ಅವನು ಹುಲಿಯನ್ನು ಮುಟ್ಟದೆ ನನ್ನನ್ನು ಕೇಳಿದ.

"ಗುಮಾಸ್ತರ, ಮೊದ್ಲ ಕಿವಿ ಯಾಕ ಇಡಲಿಲ್ರೀ? ಎಲ್ಲಾರೂ ಬೆನ್ನ ಮೊದ್ಲ ಇಡತಾರ."

"ಹಂಗ" ಎಂದೆ.

"ಹಂಗ ಅಂದ್ರ ಹೆಂಗ್ರೀ?"

ನನಗೆ ಗೊತ್ತಿದ್ದರೆ ತಾನೇ! ಅವನು ಹುಲಿಯನ್ನು ಕೆನ್ನೆಗೆ ಸರಿಸಿದ. ನಾನು ಜೇಬಿನಲ್ಲಿ ಕೈ ಹಾಕಿ ಚೀಟಿಯನ್ನು ಅರ್ಧ ಹೊರಗೆಳೆದು ನೋಡಿ ಕಿವಿಗೆ ಇಟ್ಟೆ. "ಬಿಟ್ಟ ಮೂಗು ಮುಚ್ಚಿದ್ರ ಏನಾಕ್ಕಿತ್ರೀ?" ಎಂದ. ಮತ್ತೆ ಚೀಟಿ ನೋಡಿದೆ. ಅದರಲ್ಲಿ ಮೂರೇ ಮಾತು. ಬಾಬುಸಾಬ್ ಹುಲಿಯನ್ನು ಮೂಗಿಗೆ ವಾಪಸು ಒಯ್ದ, ಆಮೇಲೆ ತನ್ನ ಅಂಗೈಯನ್ನು ಕೆನ್ನೆಯ ಮನೆಯ ಮೇಲೆ ಮುಚ್ಚಿ ಇಟ್ಟ.

"ನಾ ಸೋತೀನಿ, ಅದು ನನಗ ಕಾಣತೈತಿ. ನೆತ್ತಿ ಮುಚ್ಚಿದಾಗ ಕಂಡಿತು. ಆದ್ರ ಇದನ್ನ ಕಟ್ಟಿದವ್ರು ನೀವಲ್ಲ. ಕಟ್ಟಿದವ್ರು ಚೀಟಿ ಓದೂದಿಲ್ಲ. ಹೋದ ಸಲ ಸೋತಾಗ ಅಕ್ಕಂದು ಅಂದ್ರಿ. ಇವತ್ತ ಗೆಲ್ಲಾಕತ್ತೀರಿ, ಇವತ್ತ ಯಾರ್ದು ಹೇಳ್ರಿ. ಹೆಸರ ಹೇಳಿದ್ರ ಕೈ ತಗೀತೀನಿ."

ಮೂರನೇ ಕುರಿ ನನ್ನ ಬೆರಳಲ್ಲೇ ಇತ್ತು. ಸಾಹೇಬರ ಮುಖ ನೋಡಿದೆ, ಅವರು ನನ್ನನ್ನೇ ನೋಡುತ್ತಿದ್ದರು, ನಗುತ್ತಿರಲಿಲ್ಲ. ಸುಳ್ಳು ಹೇಳಬಹುದಿತ್ತು, ಅಕ್ಕ. ಅಪ್ಪನದು ಎಂದರೂ ನಡೆಯುತ್ತಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಆ ಮನುಷ್ಯನ ಕೈ ಅಲ್ಲಾಡಲಿಲ್ಲ.

"ನಮ್ಮಕ್ಕಂದು. ಮಸ್ಕಿಯ ವೀರಭದ್ರಮ್ಮಂದು" ಎಂದೆ.

ಅವನು ಕೈ ತೆಗೆದ. ನಾನು ಕುರಿ ಇಟ್ಟೆ. ಹುಲಿ ಕಟ್ಟಾಯಿತು. ಬಾಬುಸಾಬ್ ಎದ್ದು ನಿಂತು, ಮಸ್ಕಿಯ ದಿಕ್ಕಿಗೆ ತಿರುಗಿ ಹಣೆಗೆ ಕೈ ಮುಟ್ಟಿಸಿ, "ನಂದೊಂದು ಸಲಾಮ ಬರೀರಿ ಅವ್ರಿಗೆ. ಸಿಂಧನೂರಾಗ ಹತ್ತು ವರ್ಷದಾಗ ನನ್ನ ಹುಲಿ ಹಿಂಗ ಯಾರೂ ಕಟ್ಟಿರಲಿಲ್ಲ" ಎಂದ. ಅದನ್ನು ಬರೆದಿದ್ದೇನೆ.

ಮನೆಗೆ ಬಂದಾಗ ಕಸ್ತೂರೆಮ್ಮ ಗೂಡಿನಿಂದ ಪತ್ರ ತೆಗೆದು ಪೂರ್ತಿ ಓದಿದಳು, ನನಗೆ ಕೇಳುವ ಹಾಗೆ. ಬೈಗುಳ ಬಂದಲ್ಲಿ ಎರಡೆರಡು ಸಲ ಓದಿದಳು. ತಪ್ಪಾಯಿತು, ಅಕ್ಕ. ಹೆಸರು ಹೇಳಿದ್ದೇನೆ. ಇನ್ನಾದರೂ ಸಿಟ್ಟು ಬಿಡು.

ನಿನ್ನ ತಮ್ಮ,
ಹಂಪಣ್ಣ


ಮಸ್ಕಿ
ಮಾಘ ಶುದ್ಧ ದಶಮಿ

ಹಂಪಣ್ಣನಿಗೆ,

ಬಾಬುಸಾಬನಿಗೆ ನನ್ನ ಸಲಾಮು ತಿಳಿಸು. ಅವನ ಒಂದು ಮಾತಿಲ್ಲದಿದ್ದರೆ ನನ್ನ ಕಟ್ಟು ಇನ್ನೂ ಮೂವತ್ತು ವರ್ಷ ಕುರಿ ತಿನ್ನುತ್ತಲೇ ಇರುತ್ತಿತ್ತು ಎಂದು ಹೇಳು. ಕಸ್ತೂರೆಮ್ಮನಿಗೆ ಒಂದು ಕುಪ್ಪಸದ ಖಣ ತೆಗೆದಿಟ್ಟಿದ್ದೇನೆ. ಎರಡೆರಡು ಸಲ ಓದಿದ್ದಕ್ಕೆ.

ನಿನಗೆ ಏನೂ ತೆಗೆದಿಟ್ಟಿಲ್ಲ. ಸಿಟ್ಟು ಬಿಡು ಎಂದು ಬರೆದಿದ್ದೀ. ಬಿಡುವುದಿಲ್ಲ. ಮೊದಲನೇ ಕುರಿಗೆ ಮುಂಚೆ ಹೇಳಬೇಕು ಅಂದಿದ್ದೆ. ನೀನು ಹೇಳಿದ್ದು ಮೂರನೇ ಕುರಿಗೆ ಮುಂಚೆ, ಅದೂ ಇನ್ನೊಬ್ಬನ ಕೈ ಅಡ್ಡ ಬಂದಾಗ. ಅವನು ಕೈ ಇಡದಿದ್ದರೆ ಏನಾಗುತ್ತಿತ್ತು? ಇವತ್ತು ಲಿಂಗಸುಗೂರಿನಲ್ಲಿ ಅದು 'ಹಂಪಣ್ಣನ ಕಟ್ಟು' ಆಗಿರುತ್ತಿತ್ತು, ನಾನು ಇಲ್ಲಿ ರೊಟ್ಟಿ ತಟ್ಟುತ್ತಿದ್ದೆ.

ಇಷ್ಟು ದಿನ ಈ ಕಟ್ಟನ್ನು ಹಿಡಿದುಕೊಂಡು ಓಡಾಡಿದರೂ ನಿನಗೆ ಒಂದು ತಿಳಿಯಲಿಲ್ಲ. ಅವೇ ಮೂರು ಕುರಿ, ಅವೇ ಮೂರು ಮನೆ, ಆದರೂ ಕಿವಿಗೆ ಮೊದಲು ಇಟ್ಟರೆ ಹುಲಿ ಓಡಿಹೋಗುತ್ತದೆ. ಹೆಸರು ಹೇಳಿದ್ದೇನಲ್ಲ ಎಂದರೆ ಸಾಲದು. ಹಿಂದೆ ಮುಂದೆ ಆದರೆ ಅದು ಕಟ್ಟಲ್ಲ.

ಮುಂದಿನ ಅಮಾವಾಸ್ಯೆಗೆ ಮತ್ತೆ ಕೂತು ಮೊದಲಿನಿಂದ ಇಡು.

ವೀರಭದ್ರಮ್ಮ


(ಕಾರ್ಡು)

ಲಿಂಗಸುಗೂರು
೮ ಅರ್ದಿಬಿಹಿಷ್ತ್, ೧೩೪೬ ಫಸಲಿ

ಅಕ್ಕ,

ನಿನ್ನೆ ಮತ್ತೆ ಇಟ್ಟೆ. ಮೊದಲಿನ ಹದಿನೈದು ಜನರೂ ಇದ್ದರು, ಇನ್ನೂ ಐದಾರು ಮಂದಿ ಹೆಚ್ಚಿಗೆ ಬಂದಿದ್ದರು. ಬಾಬುಸಾಬನ ಕೈ ಅವನ ತೊಡೆಯ ಮೇಲೆಯೇ ಇತ್ತು. ಕುರಿ ಮುಟ್ಟುವ ಮುಂಚೆ ಎದ್ದು ನಿಂತು ನಿನ್ನ ಹೆಸರು ಹೇಳಿದೆ. ಸಾಹೇಬರು, "ಹೋದ ಸಲನ ಹೇಳಿದ್ರಲ್ಲ ಹಂಪಣ್ಣ, ಮತ್ತ ಯಾಕ?" ಎಂದರು. "ಹೋದ ಸಲ ಕ್ರಮ ತಪ್ಪಿತ್ರೀ ಸಾಹೇಬ್ರ" ಎಂದೆ.

ಆಮೇಲೆ ನೆತ್ತಿಗೆ ಇಟ್ಟೆ.

ಹಂಪಣ್ಣ